ಗಂಗಾವತಿಯ ಅಕ್ಕಿ ಗಿರಣಿ ಮತ್ತು ಹೊತ್ತದ ಏಳು ಟ್ಯೂಬ್‌ಲೈಟ್

ಟ್ಯೂಬ್, ಚೋಕ್, ಸ್ಟಾರ್ಟರ್ ಮೂರೂ ಹೊಸದು ಹಾಕಿದರೂ ಸಂಜೆಯಾದೊಡನೆ ಮಿಟುಕುವ ಲೈನ್ ನಿಮಗೂ ಸಿಕ್ಕಿರಬಹುದು. ನನ್ನ ಮರ್ಯಾದೆ ತೆಗೆದದ್ದು ಗಂಗಾವತಿಯ ಒಂದು ಅಕ್ಕಿ ಗಿರಣಿಯ ಲೈನ್. ಒಂದೇ ಸಾಲಿನಲ್ಲಿ 18 ಟ್ಯೂಬ್. ಬೋರ್ಡಿನ ಹತ್ತಿರದವು ಉರಿಯುತ್ತಿದ್ದವು. ಕೊನೆಯ 7 ಮಾತ್ರ ತುದಿ ಕೆಂಪಾಗಿಸಿಕೊಂಡು ಒದ್ದಾಡುತ್ತಿದ್ದವು.

ಸ್ಟಾರ್ಟರ್ ಒಂದು ಡಬ್ಬಿ, ಟ್ಯೂಬ್ 8, ಚೋಕ್ 6 ಬದಲಿಸಿದೆ. ಕೂಲಿ ಬಿಟ್ಟು ಎರಡು ಸಾವಿರದ ಚಿಲ್ಲರೆ ನೀರುಪಾಲು. ತೌಡಿನ ಧೂಳು ಕೂತಿದೆ ಎಂದು ಹೋಲ್ಡರ್‌ಗಳನ್ನೂ ಉಜ್ಜಿದೆ. "ಎಲ್ಲ ಕಿತ್ತು ಎಲ್‌ಇಡಿ ಹಾಕಿಸುತ್ತೇನೆ, ನೀನು ಬಿಡು" ಎಂದರು ಸಾವುಕಾರರು.

ದಾರಿ ತೋರಿಸಿದವನು ಒಬ್ಬ ಹಮಾಲ. ಬೋರ್ಡಿನ ಹಿಂದಿನ ಹಮಾಲರ ಕೋಣೆಯಲ್ಲಿ ಟ್ಯೂಬ್ ಹಾಲಿನಂತೆ ಉರಿಯುತ್ತಿತ್ತು. "ಮೇಸ್ತ್ರಿ, ನೀವು ಗುಜರಿಗೆ ಎಸೆದದ್ದೇ ಇದು" ಎಂದು ನಕ್ಕ. ಅಂದರೆ ದೋಷ ಟ್ಯೂಬಿನದಲ್ಲ, ಅದಕ್ಕೆ ತಲುಪುವ ವೋಲ್ಟೇಜಿನದು.

ಅಲ್ಲಿಯವರೆಗೆ ನಾನು ಹಗಲಲ್ಲಿ, ಗಿರಣಿ ನಿಂತಾಗಲೇ ವೋಲ್ಟೇಜ್ ನೋಡಿದ್ದೆ. 225 ಇತ್ತು, ನಂಬಿದ್ದೆ. ಆ ಸಂಜೆ ಮೋಟಾರ್‌ಗಳು ಓಡುತ್ತಿರುವಾಗ ನೋಡಿದರೆ ಬೋರ್ಡಿನಲ್ಲಿ 198, ಕೊನೆಯ ಹೋಲ್ಡರಿನಲ್ಲಿ 175ರ ಆಸುಪಾಸು. 180ರ ಕೆಳಗೆ ಸ್ಟಾರ್ಟರನ್ನು ನಂಬುವಂತಿಲ್ಲ. ವೈರ್ ಹಳೆಯ 1/18ರದು, ಅಂದರೆ 18 ಗೇಜಿನ ಒಂಟಿ ಎಳೆಯದು. ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ತಿರುಚಿ ತಿರುಚಿ ಎಳೆದುಕೊಂಡು ಹೋದದ್ದು. ಇನ್ನೊಂದು ಕಿತಾಪತಿಯೆಂದರೆ, ಹೊತ್ತಲು ಒದ್ದಾಡುವ ಟ್ಯೂಬ್ ಉರಿಯುವ ಟ್ಯೂಬಿಗಿಂತ ಹೆಚ್ಚು ಕರೆಂಟ್ ಎಳೆಯುತ್ತದೆ. ಏಳೂ ಒಟ್ಟಿಗೆ ಒದ್ದಾಡಿ ಲೈನನ್ನು ಇನ್ನಷ್ಟು ಕೆಳಗೆ ಜಗ್ಗುತ್ತಿದ್ದವು.

ಹಳೆಯದನ್ನೆಲ್ಲ ಕಿತ್ತು, ಆರಾರು ಟ್ಯೂಬ್‌ಗಳನ್ನು ಮೂರು ಫೇಸ್‌ಗೆ, ಅಂದರೆ ಗಿರಣಿಗೆ ಕರೆಂಟ್ ತರುವ ಮೂರು ತಂತಿಗಳಿಗೆ, ಹಂಚುತ್ತೇನೆ ಎಂದೆ. "ಮೂರು ಫೇಸ್ ಕೊಟ್ಟರೆ ಟ್ಯೂಬ್ ಸಿಡಿಯುತ್ತದೆ" ಎಂದ ಗಿರಣಿಯ ಫಿಟ್ಟರ್. ಅವನ ಹೆದರಿಕೆ ಪೂರ್ತಿ ಸುಳ್ಳಲ್ಲ. ಮೂರಕ್ಕೂ ಸೇರಿದ ವಾಪಸು ತಂತಿ, ಅಂದರೆ ನ್ಯೂಟ್ರಲ್, ಎಲ್ಲಾದರೂ ಕಡಿದುಹೋದರೆ ಕೆಲವು ಟ್ಯೂಬ್‌ಗಳ ಮೇಲೆ 400 ವೋಲ್ಟಿನ ಹತ್ತಿರ ಬಿದ್ದೀತು. ಆದ್ದರಿಂದ ಫೇಸ್‌ಗೆ 1.5, ನ್ಯೂಟ್ರಲ್‌ಗೆ ಇನ್ನೂ ದಪ್ಪದ 2.5 ಚದರ ಮಿ.ಮೀ. ವೈರ್ ಎಳೆದೆ. ನ್ಯೂಟ್ರಲನ್ನು ಎಲ್ಲಿಯೂ ಕತ್ತರಿಸದೆ 18 ಕಡೆ ಕವಲು ಹೇಗೆ ತೆಗೆದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು. ಸಾಮಾನಿಗೆ ಐದು ಸಾವಿರದೊಳಗೆ, ಎರಡು ದಿನದ ಕೆಲಸ. ಮೂರನೆಯ ಸಂಜೆ ಸ್ವಿಚ್ ಒತ್ತಿದಾಗ 18 ಟ್ಯೂಬ್‌ಗಳೂ ಹೊತ್ತಿದವು. ಕೊನೆಯ ಹೋಲ್ಡರಿನಲ್ಲಿ 195. ಫಿಟ್ಟರ್ ಚಹಾ ತರಿಸಿದ.

ಬಯಸದೇ ಬಂದ ಲಾಭವೂ ಒಂದಿದೆ. ಮೊದಲು ಟ್ಯೂಬ್‌ಗಳೆಲ್ಲ ಕಣ್ಣಿಗೆ ತಿಳಿಯದಷ್ಟು ಬೇಗ ಒಟ್ಟಿಗೆ ಮಿಟುಕುತ್ತಿದ್ದರಿಂದ ಬೆಲ್ಟಿನ ಗಾಲಿ ತಿರುಗುತ್ತಿದ್ದರೂ ಕೆಲವೊಮ್ಮೆ ನಿಂತಂತೆ ಕಾಣುತ್ತಿತ್ತು. ಕೈ ಹಾಕಿದವನ ಗತಿ ಕೇಳಬೇಡಿ. ಪಕ್ಕಪಕ್ಕದ ಟ್ಯೂಬ್‌ಗಳು ಬೇರೆ ಬೇರೆ ಫೇಸ್‌ನಲ್ಲಿದ್ದು ಈಗ ಒಟ್ಟಿಗೆ ಮಿಟುಕದಿರುವುದರಿಂದ ಆ ಮೋಸ ತಗ್ಗಿದೆ. ಆದರೆ ಅಕ್ಕಪಕ್ಕದ ಎರಡು ಟ್ಯೂಬ್ ಪಟ್ಟಿಗಳ ನಡುವೆ ಈಗ 400 ವೋಲ್ಟ್ ಇದೆ, ಏಣಿ ಹತ್ತುವ ಮೊದಲು ಮೂರೂ ಫೇಸ್ ಇಳಿಸಿ.

ಸುಮ್ಮನಿರಲಾರದೆ ಚೋಕಿನಿಂದಾಗಿ ಹೆಚ್ಚುವ ಕರೆಂಟ್ ತಗ್ಗಿಸಲು ಫ್ಯಾನಿನ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳನ್ನು ನಾಲ್ಕು ಟ್ಯೂಬ್ ಪಟ್ಟಿಗಳಿಗೆ ಪ್ಯಾರಲಲ್, ಅಂದರೆ ಫೇಸ್ ಮತ್ತು ನ್ಯೂಟ್ರಲ್ ನಡುವೆ, ಹಾಕಿ ನೋಡಿದೆ. ಕ್ಲಾಂಪ್ ಮೀಟರಿನಲ್ಲಿ ಕರೆಂಟ್ ಮೂರನೇ ಒಂದು ಪಾಲಿನಷ್ಟು ಇಳಿಯಿತು. ಖುಷಿಪಟ್ಟೆ. ಹಳೆಯ ಮಾಲು, ಆರು ತಿಂಗಳಲ್ಲಿ ಎರಡು ಉಬ್ಬಿದವು, ತೆಗೆದುಹಾಕಿದೆ.

ಮೊದಲು ದಂಡವಾದ ದುಡ್ಡಿನಲ್ಲಿ ಸಾವುಕಾರರು ಅರ್ಧ ಕೊಟ್ಟರು, ಉಳಿದರ್ಧ ಇನ್ನೂ ಬಾಕಿ. ಈಗ ಪಕ್ಕದ ಗಿರಣಿಯವರೂ ಕರೆದಿದ್ದಾರೆ. ಸ್ವಿಚ್ ಆರಿಸಿದರೂ ಟ್ಯೂಬ್ ಮಂದವಾಗಿ ಮಿನುಗುತ್ತದಂತೆ. ಬಹುಶಃ ಸ್ವಿಚ್ ಫೇಸ್ ಬದಲು ನ್ಯೂಟ್ರಲ್‌ನಲ್ಲಿದೆ, ಅರ್ಧ ಗಂಟೆಯ ಕೆಲಸ. ಆದರೂ ಈ ಸಲ ಸಂಜೆಯೇ ಹೋಗುತ್ತೇನೆ.