ಮಲೆನಾಡಿನಿಂದ ದೇಶ ಸುತ್ತಲು ಹೊರಡುವವರು ಯಾವ ಬಾಗಿಲಿನಿಂದ ಹೊರಡಬೇಕು?

ಕೊಯ್ಲು ಮುಗಿದು, ಒಣಗಿದ ಅಡಿಕೆ ಮಂಡಿ ಸೇರಿದ ಮೇಲೆ, ಕಾಶಿಗೋ ರಾಜಸ್ಥಾನಕ್ಕೋ ಈಶಾನ್ಯದ ಬೆಟ್ಟಗಳಿಗೋ ಒಮ್ಮೆ ಹೋಗಿಬರಬೇಕೆಂಬ ಮಾತು ಮಲೆನಾಡಿನ ಮನೆಗಳಲ್ಲಿ ಏಳುತ್ತದೆ. ಆ ಮಾತು ಟಿಕೆಟ್‌ವರೆಗೆ ಬಂದಾಗ ಬಹುತೇಕರು ‘ಮೊದಲು ಬೆಂಗಳೂರಿಗೆ ಹೋಗೋಣ, ಮುಂದಿನದು ಅಲ್ಲಿಂದ’ ಎಂದು ತೀರ್ಮಾನಿಸಿಬಿಡುತ್ತಾರೆ. ನನ್ನ ಅನುಭವದಲ್ಲಿ ಹಣವೂ ಸಮಯವೂ ಹೆಚ್ಚು ಪೋಲಾಗುವುದು ಇಲ್ಲಿಯೇ. ಉತ್ತರಕ್ಕೋ ಪಶ್ಚಿಮಕ್ಕೋ ಹೋಗಬೇಕಾದವರು ಒಂದು ಇಡೀ ರಾತ್ರಿ ಆಗ್ನೇಯಕ್ಕೆ ಪ್ರಯಾಣ ಮಾಡಿ, ಅಲ್ಲಿಂದ ಹೊರಟ ರೈಲಿನಲ್ಲಿ ಮತ್ತೆ ಅರಸೀಕೆರೆ, ಬೀರೂರುಗಳನ್ನು ಕಿಟಕಿಯಿಂದ ನೋಡುತ್ತ ಸಾಗುವುದನ್ನು ನಾನು ಕಂಡಿದ್ದೇನೆ. ನಾನೂ ಒಮ್ಮೆ ಹಾಗೆ ಹೋದವನೇ.

ಶಿವಮೊಗ್ಗದ ರೈಲುಹಾದಿ ಬೀರೂರಿನಲ್ಲಿ ಬೆಂಗಳೂರು–ಹುಬ್ಬಳ್ಳಿ ಮುಖ್ಯ ಹಳಿಯಿಂದ ಕವಲೊಡೆದು, ಶಿವಮೊಗ್ಗ, ಆನಂದಪುರ, ಸಾಗರಗಳನ್ನು ದಾಟಿ ತಾಳಗುಪ್ಪದಲ್ಲಿ ಮುಗಿಯುತ್ತದೆ. ಮುಂದೆ ಕರಾವಳಿಗೆ ಹಳಿ ಇಲ್ಲ. ಆದ್ದರಿಂದ ಮುಂಬೈ, ಪುಣೆ, ಗುಜರಾತ್, ರಾಜಸ್ಥಾನಗಳ ಕಡೆಗೆ ಹೊರಟವರು ಬೆಂಗಳೂರನ್ನು ಮರೆತು, ಶಿವಮೊಗ್ಗದಿಂದ ಸುಮಾರು 60 ಕಿ.ಮೀ. ದೂರದ ಬೀರೂರು, ಅದರಾಚೆಯ ಅರಸೀಕೆರೆ, ಇಲ್ಲವೇ ಬಸ್ಸಿನಲ್ಲಿ ತಲುಪಬಹುದಾದ ದಾವಣಗೆರೆ ಮತ್ತು ಹುಬ್ಬಳ್ಳಿ, ಇವುಗಳಲ್ಲಿ ತಮ್ಮ ರೈಲು ಎಲ್ಲಿ ನಿಲ್ಲುತ್ತದೆಂದು ಮೊದಲು ನೋಡಬೇಕು. ಉದಾಹರಣೆಗೆ ಮೈಸೂರು–ಅಜ್ಮೀರ್ ಎಕ್ಸ್‌ಪ್ರೆಸ್ ಈ ಮುಖ್ಯ ಹಳಿಯಲ್ಲಿಯೇ ಹುಬ್ಬಳ್ಳಿಯ ಕಡೆಗೆ ಸಾಗುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ ಹಾಗಲ್ಲ. ಅದು ಬೆಂಗಳೂರಿನಿಂದ ಧರ್ಮಾವರ, ಗುಂತಕಲ್ ಮಾರ್ಗವಾಗಿ ದೆಹಲಿಗೆ ಹೋಗುವುದರಿಂದ ಅದನ್ನೇ ಹಿಡಿಯಬೇಕೆನ್ನುವವರಿಗೆ ಬೆಂಗಳೂರು ತಪ್ಪದು.

ಘಟ್ಟದ ಅಂಚಿನ ಊರುಗಳವರಿಗೆ ಇದಕ್ಕಿಂತ ಹತ್ತಿರದ ಇನ್ನೊಂದು ಬಾಗಿಲಿದೆ, ಅದು ಕೊಂಕಣ ರೈಲ್ವೆ. ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗಿನ ಈ ಹಾದಿ 1998ರಲ್ಲಿ ಪೂರ್ಣವಾಗಿ ತೆರೆದುಕೊಂಡಿತು. ಸಾಗರದವರು ಗೇರುಸೊಪ್ಪೆಯ ಮೇಲೆ ಇಳಿದು ಹೊನ್ನಾವರವನ್ನು, ಹೊಸನಗರದವರು ಹುಲಿಕಲ್ ಘಾಟಿ ಇಳಿದು ಕುಂದಾಪುರವನ್ನು, ತೀರ್ಥಹಳ್ಳಿಯವರು ಆಗುಂಬೆ ಇಳಿದು ಉಡುಪಿಯನ್ನು ಸೇರಿದರೆ, ಮುಂಬೈಗೆ ಮತ್ಸ್ಯಗಂಧ, ಮುಂಬೈ ಅಥವಾ ಕೇರಳಕ್ಕೆ ನೇತ್ರಾವತಿ, ಉಡುಪಿಯಿಂದ ದೆಹಲಿಯ ನಿಜಾಮುದ್ದೀನ್‌ಗೆ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಸಿಗುತ್ತವೆ. ಶರಾವತಿ ಹಿನ್ನೀರಿನ ಆಚೆ ದಡದವರು ಮೊದಲೇ ಕೊಲ್ಲೂರಿನ ಮೂಲಕ ಬೈಂದೂರಿಗೆ ಹೋಗುತ್ತಿದ್ದರು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾದ ಮೇಲೆ, ಲಾಂಚಿಗಾಗಿ ಕಾಯದೆ ಈಚೆ ದಡದವರೂ ಅದೇ ದಾರಿ ಹಿಡಿಯಬಹುದಾಗಿದೆ. ಮಳೆಗಾಲದಲ್ಲಿ ಮಾತ್ರ ಎರಡು ವಿಷಯಗಳು ನೆನಪಿರಲಿ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬೀಳುತ್ತದೆ. ಕೊಂಕಣ ಹಾದಿಯ ರೈಲುಗಳು ಆಗ ವೇಗ ತಗ್ಗಿಸಿಕೊಂಡು ಬೇರೆಯೇ ವೇಳಾಪಟ್ಟಿಯಂತೆ ಓಡುತ್ತವೆ. ಬೇಸಿಗೆಯಲ್ಲಿ ಹತ್ತಿದ ಸಮಯವನ್ನೇ ನಂಬಿ ಆಷಾಢದಲ್ಲಿ ನಿಲ್ದಾಣಕ್ಕೆ ಹೋಗಬಾರದು.

ಬೆಂಗಳೂರಿನ ಮೂಲಕವೇ ಹೋಗುವುದಾದರೆ, ಅಲ್ಲಿ ದೂರದ ರೈಲುಗಳು ಮುಖ್ಯವಾಗಿ ಮೂರು ನಿಲ್ದಾಣಗಳಿಂದ ಹೊರಡುತ್ತವೆ ಎಂಬುದನ್ನು ಗಮನಿಸಬೇಕು: ಮೆಜೆಸ್ಟಿಕ್‌ನ ಕೆಎಸ್‌ಆರ್, ಯಶವಂತಪುರ ಮತ್ತು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. ಪೂರ್ವ ಭಾರತದ ಹಲವು ರೈಲುಗಳು ಈಗ ಬೈಯಪ್ಪನಹಳ್ಳಿಯಿಂದ ಹೊರಡುತ್ತವೆ. ಮೆಜೆಸ್ಟಿಕ್‌ನಲ್ಲಿ ಇಳಿದು ಒಂದೂವರೆ ಗಂಟೆಯ ಅಂತರದಲ್ಲಿ ಅಲ್ಲಿಗೆ ತಲುಪುವೆನೆಂದು ಹೊರಟ ನಾನು, ರೈಲಿನ ಕೊನೆಯ ಬೋಗಿಯ ಹಿಂಭಾಗವನ್ನಷ್ಟೇ ನೋಡಿದ್ದೇನೆ. ಇದೇ ಎಚ್ಚರ ಎಲ್ಲ ಮಹಾನಗರಗಳಲ್ಲಿಯೂ ಬೇಕು. ದೆಹಲಿಯಲ್ಲಿ ನವದೆಹಲಿ, ಹಳೆ ದೆಹಲಿ, ನಿಜಾಮುದ್ದೀನ್, ಆನಂದ್ ವಿಹಾರ್ ಇವೆ. ಕೋಲ್ಕತ್ತದಲ್ಲಿ ಹೌರಾ, ಸಿಯಾಲ್ದಾ ನದಿಯ ಎರಡು ದಡಗಳಲ್ಲಿವೆ. ಚೆನ್ನೈಯಲ್ಲಿ ಸೆಂಟ್ರಲ್ ಒಂದು ಕಡೆ, ಎಗ್ಮೋರ್ ಇನ್ನೊಂದು ಕಡೆ. ರೈಲು ಬದಲಿಸುವ ಊರಿನಲ್ಲಿ ಕನಿಷ್ಠ ಐದಾರು ಗಂಟೆಯ ಬಿಡುವಿರಲಿ.

ಇನ್ನು ಟಿಕೆಟ್ ವಿಚಾರ. ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನ ಮೊದಲು ತೆರೆಯುತ್ತದೆ. ಫೆಬ್ರವರಿ ನಡುವಿನಲ್ಲಿ ಹೊರಡುವವರು ಡಿಸೆಂಬರ್ ನಡುವಿನಲ್ಲಿ, ಅಂದರೆ ಅಂಗಳದಲ್ಲಿ ಅಡಿಕೆ ಸುಲಿಯುವ ಗಡಿಬಿಡಿಯ ನಡುವೆಯೇ, ಬೆಳಿಗ್ಗೆ 8 ಗಂಟೆಗೆ ಟಿಕೆಟ್ ಮಾಡಿಸಬೇಕಾಗುತ್ತದೆ. ಆದರೂ ನಾನು ಫೆಬ್ರವರಿ, ಮಾರ್ಚ್‌ಗಳನ್ನೇ ಸೂಚಿಸುತ್ತೇನೆ. ಡಿಸೆಂಬರ್, ಜನವರಿಯಲ್ಲಿ ಗಂಗಾ ಬಯಲಿನ ಮಂಜಿನಿಂದ ಅಲ್ಲಿನ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ನಮ್ಮ ಆಗುಂಬೆಯ ಮಂಜು ಕಂಡವರಿಗೂ ಆ ಮಂಜು ಹೊಸದೇ.

ವೇಯ್ಟಿಂಗ್ ಲಿಸ್ಟ್ ಎಲ್ಲವೂ ಒಂದೇ ಅಲ್ಲ. ರೈಲು ಹೊರಡುವ ಮೂಲ ನಿಲ್ದಾಣದಿಂದ ಪಡೆದ ಟಿಕೆಟ್ಟಿಗೆ ಸಾಮಾನ್ಯವಾಗಿ ಜಿಎನ್‌ಡಬ್ಲ್ಯುಎಲ್ (ಜನರಲ್ ವೇಯ್ಟಿಂಗ್ ಲಿಸ್ಟ್) ಎಂದೂ, ನಡುವಿನ ನಿಲ್ದಾಣಗಳಿಂದ ಪಡೆದುದಕ್ಕೆ ಪಿಕ್ಯುಡಬ್ಲ್ಯುಎಲ್ ಅಥವಾ ಆರ್‌ಎಲ್‌ಡಬ್ಲ್ಯುಎಲ್ ಎಂದೂ ಬರುತ್ತದೆ. ಮೊದಲನೆಯದು ಖಚಿತವಾಗುವ ಸಾಧ್ಯತೆ ಹೆಚ್ಚು. ಹಾಗಾಗಿ ಬೀರೂರಿನಿಂದ ಸೀಟು ಸಿಗದಿದ್ದರೆ ಮೂಲ ನಿಲ್ದಾಣದಿಂದ ಟಿಕೆಟ್ ಪಡೆದು, ಬುಕ್ ಮಾಡುವಾಗಲೇ ಹತ್ತುವ ನಿಲ್ದಾಣವನ್ನು ಬೀರೂರು ಎಂದು ನಮೂದಿಸಬಹುದು. ಸ್ವಲ್ಪ ಹಣ ಹೆಚ್ಚು ಹೋದರೂ ಬರ್ತ್ ಸಿಗುವ ಸಾಧ್ಯತೆ ಹೆಚ್ಚುತ್ತದೆ. ನಮೂದಿಸದೆ ಬಿಟ್ಟರೆ ಮಾತ್ರ ಟಿಕೆಟ್ ಪರೀಕ್ಷಕರು (ಟಿಟಿಇ) ನಿಮ್ಮನ್ನು ಬಾರದವರೆಂದು ಬರೆದು ಬರ್ತನ್ನು ಬೇರೆಯವರಿಗೆ ಕೊಟ್ಟುಬಿಡಬಹುದು. ಚಾರ್ಟ್, ಅಂದರೆ ಪ್ರಯಾಣಿಕರ ಅಂತಿಮ ಪಟ್ಟಿ, ಆದ ಮೇಲೂ ವೇಯ್ಟಿಂಗ್‌ನಲ್ಲಿಯೇ ಉಳಿದ ಆನ್‌ಲೈನ್ ಟಿಕೆಟ್ ತಾನಾಗಿ ರದ್ದಾಗಿ ಹಣ ಮರಳುತ್ತದೆ. ಆರ್‌ಎಸಿ, ಅಂದರೆ ಅರ್ಧ ಖಚಿತವಾದ ಟಿಕೆಟ್, ಬಂದರೆ ಹತ್ತಬಹುದು, ಆದರೆ ಪಕ್ಕದ ಕೆಳ ಬರ್ತನ್ನು ಇಬ್ಬರು ಹಂಚಿಕೊಳ್ಳಬೇಕು. ಕೊನೆಯ ಗಳಿಗೆಯವರಿಗೆಂದು ಇರುವ ತತ್ಕಾಲ್ ಟಿಕೆಟ್ ಹಿಂದಿನ ದಿನ ಎಸಿ ದರ್ಜೆಗಳಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. ಆನ್‌ಲೈನಿನಲ್ಲಿ ತತ್ಕಾಲ್ ಪಡೆಯಲು 2025ರ ಜುಲೈಯಿಂದ ಖಾತೆಗೆ ಆಧಾರ್ ದೃಢೀಕರಣ ಬೇಕಾಗಿರುವುದರಿಂದ ಅದನ್ನು ಮುಂಚೆಯೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಹಲವು ಊರು ನೋಡುವವರಿಗೆ ಉಪಯುಕ್ತವಾದರೂ ಕಡಿಮೆ ಜನ ಬಳಸುವ ಎರಡು ಸೌಲಭ್ಯಗಳಿವೆ. ಒಂದು, ನಡುವೆ ಇಳಿಯುವ ಅವಕಾಶ. 500 ಕಿ.ಮೀ.ಗಿಂತ ದೂರದ ಸಾಮಾನ್ಯ ಎಕ್ಸ್‌ಪ್ರೆಸ್ ಟಿಕೆಟ್ ಇದ್ದವರು ಮೊದಲ 500 ಕಿ.ಮೀ. ಕಳೆದ ಮೇಲೆ ಒಂದು ಊರಿನಲ್ಲಿ ಇಳಿದು, ಬಂದ ದಿನ, ಹೊರಡುವ ದಿನ ಬಿಟ್ಟು ಎರಡು ದಿನ ತಂಗಿ, ಅದೇ ಟಿಕೆಟ್ಟಿನಲ್ಲಿ ಮುಂದುವರಿಯಬಹುದು. ಟಿಕೆಟ್ 1000 ಕಿ.ಮೀ. ಮೀರಿದ್ದರೆ ಹೀಗೆ ಎರಡು ಬಾರಿ. ಇಳಿದ ನಿಲ್ದಾಣದಲ್ಲಿ ಟಿಕೆಟ್ಟಿನ ಮೇಲೆ ಬರೆಸಿಕೊಳ್ಳಬೇಕು. ಇನ್ನೊಂದು, ಸರ್ಕ್ಯುಲರ್ ಜರ್ನಿ ಟಿಕೆಟ್. ಹೊರಟ ನಿಲ್ದಾಣಕ್ಕೇ ಮರಳುವ ಸುತ್ತು ಪ್ರಯಾಣಕ್ಕೆ ಒಂದೇ ಟಿಕೆಟ್, ನಡುವೆ ಗರಿಷ್ಠ ಎಂಟು ಕಡೆ ಇಳಿಯಬಹುದು. ರೈಲು ದರ ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಕಡಿಮೆಯಾಗುತ್ತ ಹೋಗುವುದರಿಂದ, ಬಿಡಿಬಿಡಿ ಟಿಕೆಟ್ಟುಗಳಿಗಿಂತ ಇದು ಅಗ್ಗ. ಇದಕ್ಕೆ ಪ್ರಯಾಣದ ಹಾದಿಯನ್ನು ಬರೆದುಕೊಂಡು ರೈಲ್ವೆಯ ವಾಣಿಜ್ಯ ವಿಭಾಗದ ಕಚೇರಿಗೆ ಅರ್ಜಿ ಕೊಡಬೇಕು (ಶಿವಮೊಗ್ಗ ಮೈಸೂರು ವಿಭಾಗಕ್ಕೆ ಸೇರಿದೆ); ಆಮೇಲೆ ಪ್ರತಿ ಹಂತದ ಬರ್ತನ್ನು ಬೇರೆಯಾಗಿ ಕಾಯ್ದಿರಿಸಬೇಕು. ಓಡಾಟ ಇದೆ, ನಿಜ. ನಾಲ್ಕೈದು ಜನರ ಕುಟುಂಬಕ್ಕೆ ಆ ಓಡಾಟ ಸಾರ್ಥಕ.

ವಿಮಾನ ಬೇಕಾಗುವುದು ರೈಲಿನಲ್ಲಿ ಎರಡು ರಾತ್ರಿ ಮೀರಿದಾಗ ಎಂಬುದು ನನ್ನ ಲೆಕ್ಕ. ಶಿವಮೊಗ್ಗ ಬಳಿಯ ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಇಲ್ಲಿನ ಹಾರಾಟಗಳು ಕಡಿಮೆ, ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಮಳೆಗಾಲದ ಮೋಡವೂ ಅಡ್ಡ ಬರುತ್ತದೆ. ಆದ್ದರಿಂದ ಮುಂದಿನ ವಿಮಾನವನ್ನು ಅದೇ ದಿನದ ಬಿಗಿ ಸಮಯಕ್ಕೆ ಹೊಂದಿಸಬೇಡಿ. ಚೀಲದ ಬಗೆಗೂ ಒಂದು ಮಾತು. ನಮ್ಮವರು ಪ್ರೀತಿಯಿಂದ ಕಟ್ಟಿಕೊಡುವ ಒಣ ಕೊಬ್ಬರಿ ಬೇಗ ಹೊತ್ತಿಕೊಳ್ಳುವ ವಸ್ತುವೆಂದು ವಿಮಾನದಲ್ಲಿ ನಿಷಿದ್ಧ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಕೈಚೀಲದಲ್ಲಿ ಒಯ್ದು ತಪಾಸಣೆಯಲ್ಲಿ ಬಿಟ್ಟುಬಂದ ದುಃಖ ನನಗಿನ್ನೂ ಇದೆ. ರೈಲಿನಲ್ಲಿ ಉಪ್ಪಿನಕಾಯಿಗೆ ಈ ತಕರಾರಿಲ್ಲ.

ಹಳಿ ಮುಗಿದಲ್ಲಿ ಬಸ್ಸು ಮತ್ತು ಜೀಪು. ಹಿಮಾಚಲ, ಉತ್ತರಾಖಂಡಗಳ ಬೆಟ್ಟದೂರುಗಳಿಗೆ ಸರ್ಕಾರಿ ಬಸ್ಸುಗಳು ಹೆಚ್ಚಾಗಿ ನಸುಕಿನಲ್ಲಿ ಹೊರಡುತ್ತವೆ. ಮಧ್ಯಾಹ್ನ ವಿಚಾರಿಸಿದರೆ ‘ನಾಳೆ ಬನ್ನಿ’ ಎನ್ನುತ್ತಾರೆ. ಕರ್ನಾಟಕದ ಮಹಿಳೆಯರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದ ಒಳಗಿನ ಸಾಮಾನ್ಯ ಬಸ್ಸುಗಳಿಗಷ್ಟೇ ಅನ್ವಯಿಸುತ್ತದೆ. ಶಿಲ್ಲಾಂಗಿಗೆ ಗುವಾಹಟಿಯಲ್ಲಿ, ಗ್ಯಾಂಗ್ಟಾಕಿಗೆ ನ್ಯೂ ಜಲ್ಪಾಯ್‌ಗುರಿಯಲ್ಲಿ ರೈಲಿಳಿದು ಹಂಚಿಕೆಯ ಸುಮೋ ಹಿಡಿಯಬೇಕು. ಸೀಟು ತುಂಬುವವರೆಗೆ ಅದು ಕದಲದು. ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರಗಳಿಗೆ ಒಳನಾಡ ಪ್ರವೇಶ ಪರವಾನಗಿ, ಅಂದರೆ ಇನ್ನರ್ ಲೈನ್ ಪರ್ಮಿಟ್, ಬೇಕೇಬೇಕು. 2025ರ ಜೂನ್‌ನಲ್ಲಿ ಚಿನಾಬ್ ಸೇತುವೆ ತೆರೆದ ಮೇಲೆ ಕಟ್ರಾದಿಂದ ಶ್ರೀನಗರಕ್ಕೆ ರೈಲು ಸಿಗುತ್ತದೆ. ಜೋರ್ಹಾಟ್ ಬಳಿಯ ನಿಮಾತಿ ಘಾಟಿನಿಂದ ಮಾಜುಲಿಗೆ ಬ್ರಹ್ಮಪುತ್ರ ದಾಟುವ ದೋಣಿಯಲ್ಲಿ ಬೈಕು, ಜನ ಒಟ್ಟಾಗಿ ನಿಂತಿರುವುದನ್ನು ಕಂಡರೆ ಸಿಗಂದೂರಿನ ಲಾಂಚು ನೆನಪಾಗದೆ ಇರದು.

ಮರಳುವ ಟಿಕೆಟ್ ಮಾಡಿಸುವಾಗ ಊರಿನ ಕೊನೆಯ ಬಸ್ಸಿನ ಸಮಯವನ್ನು ಮೊದಲು ನೋಡಿ. ರಾತ್ರಿ ಒಂಬತ್ತಕ್ಕೆ ಶಿವಮೊಗ್ಗದಲ್ಲಿ ಇಳಿದು ಹಳ್ಳಿಯ ದಾರಿ ಹಿಡಿಯುವುದು ಕಷ್ಟ. ಮೈಸೂರಿನಿಂದ ಬೆಂಗಳೂರಿನ ಮೇಲೆ ಬರುವ ತಾಳಗುಪ್ಪದ ರಾತ್ರಿ ರೈಲು ಹಿಡಿದರೆ, ಬೆಳಗಾಗುವ ಹೊತ್ತಿಗೆ ಇಳಿದು ಮೊದಲ ಬಸ್ಸಿಗೆ ಹತ್ತಬಹುದು.