ಮೈಲುತುತ್ತ ಬಿಳಿಯಾದಾಗ

ಶಿರಸಿ ಕಡೆಯ ತೋಟದ ಮನೆಗಳಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟಿನ ನೀಲಿ ಹರಳು, ನೋಡದ ಮಕ್ಕಳಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿನ ಲೆಕ್ಕ ನನ್ನ ಒಂಬತ್ತನೇ ತರಗತಿಯವರ ಬಾಯಲ್ಲೇ ಇರುತ್ತದೆ: 100 ಲೀಟರ್ ನೀರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. ಹಾಗಾಗಿ, ಕಾಸಿದರೆ ಘನವಸ್ತು ಏನಾಗುತ್ತದೆ ಎಂದು ತೋರಿಸಲು ಅದನ್ನೇ ಆರಿಸಿಕೊಂಡೆ.

ಮೊದಲ ಸಲ ಕೆಟ್ಟಿತು. ಟೆಸ್ಟ್ ಟ್ಯೂಬನ್ನು ನೆಟ್ಟಗೆ ಹಿಡಿದು ಕಾಸಿದೆ. ಹರಳಿನಿಂದ ಹೊರಟ ಆವಿ ಮೇಲೆ ಹನಿಗಟ್ಟಿ, ಕಾದ ತಳಕ್ಕೆ ಇಳಿಯಿತು. ಟ್ಯೂಬು ಟಪ್ ಎಂದು ಸೀಳಿತು. ಅದರ ಬಾಯಿ ತುಸು ಕೆಳಗೆ ವಾಲಿರಬೇಕಿತ್ತು. ಮಕ್ಕಳು ದೂರ ನಿಂತಿದ್ದರು, ಸದ್ಯ.

ಆಮೇಲೆ ಪಿಂಗಾಣಿ ಬಟ್ಟಲು ತಂದೆ. ಅಡುಗೆಮನೆಯ ಪಾತ್ರೆ ಮಾತ್ರ ಬೇಡ, ಇದು ವಿಷ. 5 ಗ್ರಾಂ ಪುಡಿಯನ್ನು ಸಣ್ಣ ಉರಿಯಲ್ಲಿ ಗಾಜಿನ ಕಡ್ಡಿಯಿಂದ ಆಡಿಸುತ್ತ ಕೂತೆ. ಅಂಚಿನಿಂದ ನೀಲಿ ತೆಳುವಾಗುತ್ತ ಬಂತು. ಹರಳಿನೊಳಗಿನ ನೀರು ಒಂದೇ ಸಲ ಹೋಗುವುದಿಲ್ಲ, ಕಂತು ಕಂತಾಗಿ ಹೋಗುತ್ತದೆ. ಕೊನೆಯದು ಬಿಡಲು ಸುಮಾರು 200 ಡಿಗ್ರಿ ಬೇಕು. ಅವಸರಪಟ್ಟು ವಿಪರೀತ ಕಾಸಿದರೆ ಮೈಲುತುತ್ತವೇ ಒಡೆದು ಕಪ್ಪು ತಾಮ್ರದ ಆಕ್ಸೈಡ್ ಆಗುತ್ತದೆ, ಉಸಿರಿಗೆ ಕೆಟ್ಟ ಹೊಗೆ ಏಳುತ್ತದೆ. ಆಗ ನೀರು ಹಾಕಿದರೂ ನೀಲಿ ಬರದು.

"ಸರ್, ಬೆಲ್ಲದ ಥರ ಕರಗಲೇ ಇಲ್ವಲ್ಲ!" ಎಂದ ಒಬ್ಬ. ಒಳ್ಳೆ ಪ್ರಶ್ನೆ. ಉತ್ತರ ತಕ್ಕಡಿಯಲ್ಲಿತ್ತು. ತಣ್ಣಗಾದ ಬಿಳಿ ಪುಡಿ 3.3 ಗ್ರಾಂ ತೂಗಿತು. ನೀರು ಪೂರ್ತಿ ಹೋಗಿದ್ದರೆ 3.2 ಇರಬೇಕಿತ್ತು. ಮುಟ್ಟಿದರೆ ಒಣಗಿದ್ದ ಹರಳಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ನೀರೇ ಇತ್ತು!

ಸತುವಿನ ಆಕ್ಸೈಡನ್ನೂ ಕಾಸಿದೆವು. ಬಿಳಿ ಪುಡಿ ನಿಂಬೆ ಹಳದಿಯಾಯಿತು, ಆರಿದ ಮೇಲೆ ಮತ್ತೆ ಬಿಳಿ. ನಮ್ಮ ತಕ್ಕಡಿಯಲ್ಲಿ ತೂಕ ಕದಲಲೇ ಇಲ್ಲ. ಬಣ್ಣ ಬದಲಾದದ್ದು ಎರಡರಲ್ಲೂ ನಿಜ, ಆದರೆ ಕಾರಣ ಬೇರೆ. ತೂಕ ನೋಡದೆ ಸುಮ್ನೆ ಬಣ್ಣ ತೋರಿಸಿದ್ದರೆ ಇದು ತಿಳಿಯುತ್ತಿರಲಿಲ್ಲ ಅಲ್ವಾ?

ಬಿಳಿ ಪುಡಿಗೆ ಒಂದು ಹನಿ ನೀರು ಬಿಟ್ಟರೆ ಚುರ್ ಎಂದು ಬಿಸಿಯಾಗಿ ನೀಲಿ ಮರಳುತ್ತದೆ. ಆ ದಿನ ಗಂಟೆ ಹೊಡೆದದ್ದರಿಂದ ಅದನ್ನು ತೋರಿಸಲಾಗದೆ, ಬಟ್ಟಲನ್ನು ಕಪಾಟಿನ ಮೇಲಿಟ್ಟು ಹೋದೆ. ಜುಲೈ ತಿಂಗಳು, ರಾತ್ರಿಯಿಡೀ ಮಳೆ. ಬೆಳಿಗ್ಗೆ ನೋಡಿದರೆ ಹನಿ ನೀರೂ ಹಾಕದ ಪುಡಿ ತಿಳಿನೀಲಿಯಾಗಿತ್ತು. ಮಕ್ಕಳು ನನಗಿಂತ ಮೊದಲು ತಕ್ಕಡಿಗೆ ಓಡಿದರು.