ಸೆಲ್ಫ್ ಒತ್ತುವ ಮೊದಲೇ ರಾಕರ್ ತನಕ ಆಯಿಲ್

ಮಲ್ಪೆಯಲ್ಲಿ ಮೀನಿನ ಬೋಟಿನ ಇಂಜಿನ್ ಬಿಚ್ಚಿ ಕಟ್ಟಲು ಸಿಗುವುದು ಜೂನ್ 1ರಿಂದ ಜುಲೈ 31ರ ತನಕದ ಮೀನುಗಾರಿಕೆ ನಿಷೇಧದ ಅವಧಿ ಮಾತ್ರ. ಹೊಸದಾಗಿ ಕಟ್ಟಿದ ಆರು ಸಿಲಿಂಡರಿನ ಡೀಸೆಲ್ ಇಂಜಿನ್‌ಗೆ ಹೊರಗಿನಿಂದ ಒತ್ತಡ ಕೊಟ್ಟು ಆಯಿಲ್ ಏರಿಸುತ್ತೇನೆ ಎಂದಾಗ ಬಂದರಿನಲ್ಲಿ ಎಲ್ಲರದ್ದೂ ಒಂದೇ ಮಾತು: "ಸೆಲ್ಫ್ ಹೊಡೀರಿ ಮಾರ್ರೆ, ಆಯಿಲ್ ತನ್ನಷ್ಟಕ್ಕೇ ಏರ್ತದೆ." ಹಾಗೆ ಏರುತ್ತದೆಂದು ನಂಬಿ ಹಿಂದೊಮ್ಮೆ ಆಯಿಲ್ ಮುಟ್ಟುವ ಮೊದಲೇ ಒಣದರಲ್ಲಿ ತಿರುಗಿ, ಕ್ರ್ಯಾಂಕ್ ಹೊರುವ ಎರಡು ಮೈನ್ ಬೇರಿಂಗ್ ಹೋಗಿದ್ದವು. ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್ ಸೆಟ್, ಕೂಲಿ ಎಲ್ಲ ಸೇರಿ 45 ಸಾವಿರದ ಹತ್ತಿರ ಬಂತು. ಸೀಸನ್ನಿನ ಮೊದಲ ಹತ್ತು ದಿನದ ಮೀನು ಲೆಕ್ಕಕ್ಕೇ ಇಲ್ಲ.

ಮೊದಲು ಅಡಿಕೆಗೆ ಮದ್ದು ಬಿಡುವ ಕೈಪಂಪಿನಲ್ಲಿ ನೋಡಿದೆ. 15ಡಬ್ಲ್ಯು-40 ಇಂಜಿನ್ ಆಯಿಲಿನ ದಪ್ಪಕ್ಕೆ ಅದರ ವಾಲ್ವ್ ಎಳೆಯಲಿಲ್ಲ, ರಬ್ಬರ್ ವಾಷರ್ ಊದಿಕೊಂಡಿತು. ಆಮೇಲೆ ಗುಜರಿಯಿಂದ ಲಾರಿಯ ಏರ್ ಬ್ರೇಕ್ ಟ್ಯಾಂಕ್ ತಂದೆ: ಸುಮಾರು 600 ರೂಪಾಯಿ. ಹೋಸ್, ವಾಲ್ವ್, ಗೇಜಿಗೆ ಇನ್ನೊಂದು ಸಾವಿರ. ಒಳಗಿನ ತುಕ್ಕು ಹೋಗುವ ತನಕ ಡೀಸೆಲ್ ಹಾಕಿ ನಾಲ್ಕೈದು ಸಲ ಕುಲುಕಿ ತೊಳೆಯಬೇಕು. ಎಂಟು ಲೀಟರ್ ಆಯಿಲ್ ತುಂಬಿ, ಕೆಳಗಿನ ತೂತಿನಿಂದ ಹೋಸ್ ಎಳೆದು ಬ್ಲಾಕಿನಲ್ಲಿ ಆಯಿಲ್ ಪ್ರೆಶರ್ ಗೇಜ್ ಕೂರುವ ಜಾಗಕ್ಕೆ ಕಟ್ಟಿ, ಮೇಲಿನಿಂದ 3 ಕೆಜಿ (ಚದರ ಸೆಂ.ಮೀ.ಗೆ) ಒತ್ತಡದ ಗಾಳಿ ಕೊಟ್ಟೆ.

ಅರ್ಧ ಗಂಟೆ ಬಿಟ್ಟರೂ ಇಂಜಿನ್ ತಲೆಯಲ್ಲಿ ವಾಲ್ವ್ ಒತ್ತುವ ರಾಕರ್ ಒಣ. ಕಾರಣ ಆಮೇಲೆ ಹೊಳೆಯಿತು: ಈ ಇಂಜಿನ್ನಿನಲ್ಲಿ ರಾಕರ್ ಆಡಿಸುವ ಕ್ಯಾಮ್ ಜರ್ನಲ್‌ನ ತೂತು ಗ್ಯಾಲರಿಯ (ಬ್ಲಾಕಿನೊಳಗಿನ ಆಯಿಲ್ ದಾರಿಯ) ತೂತಿಗೆ ಎದುರಾದಾಗ ಮಾತ್ರ ಮೇಲಕ್ಕೆ ಆಯಿಲ್ ಹೋಗುತ್ತದೆ. ನಾಝಲ್‌ಗಳನ್ನು ಬಿಚ್ಚಿಟ್ಟು (ಇಂಜಿನ್ ಸುಲಭದಲ್ಲಿ ತಿರುಗಲಿ ಎಂದು), ಟ್ಯಾಂಕಿನ ಒತ್ತಡ ಹಿಡಿದಿರುವಾಗಲೇ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕಾಲು ಸುತ್ತು ತಿರುಗಿಸಿ ಒಂದು ನಿಮಿಷ ನಿಲ್ಲಿಸುತ್ತಾ ಹೋದೆ. ಕ್ರ್ಯಾಂಕ್ ಎರಡು ಸುತ್ತು ಮುಗಿಸುವಷ್ಟರಲ್ಲಿ ಎಲ್ಲ ರಾಕರ್‌ಗಳಲ್ಲೂ ಆಯಿಲ್ ಇಳಿಯುತ್ತಿತ್ತು. ಟ್ಯಾಂಕಿನಿಂದ ಹೋದದ್ದು ಕೊನೆಗೆ ಇಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪಿಗೇ ಬೀಳುತ್ತದೆ. ಅಷ್ಟನ್ನು ಕಳೆದೇ ಸಂಪ್ ತುಂಬಬೇಕು. ಅಳತೆ ಮೀರಿದರೆ ಕ್ರ್ಯಾಂಕ್ ಆಯಿಲನ್ನು ಬಡಿದು ನೊರೆ ಎಬ್ಬಿಸುತ್ತದೆ.

ಆಯಿಲ್ ಪಂಪಿನ ಗೇರ್ ನಡುವೆ ವ್ಯಾಸಲೀನ್ ತುಂಬಿ. ಚಾಸಿ ಗ್ರೀಸ್ ಬೇಡ, ಅದು ಕರಗದೆ ಫಿಲ್ಟರ್ ಕಟ್ಟುತ್ತದೆ.

ಎರಡು ತಿಂಗಳು ನಿಂತ ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ಇದ್ದೇ ಇರುತ್ತದೆ, ಈ ಸಲ ಎರಡು ಲೀಟರ್ ಬಂತು. ಅದನ್ನು ತೆಗೆದ ಮೇಲೆಯೇ ಫಿಲ್ಟರ್, ಪಂಪ್, ನಾಝಲ್ ಪೈಪ್ ಈ ಕ್ರಮದಲ್ಲಿ ಡೀಸೆಲ್ ಲೈನಿನ ಏರ್ ತೆಗೆಯಬೇಕು. ಕಡಲ ನೀರಿನ ಪಂಪಿನ ರಬ್ಬರ್ ಇಂಪೆಲರ್‌ಗೆ ಗ್ಲಿಸರಿನ್ ಹಚ್ಚಿ. ಒಣದರಲ್ಲಿ ತಿರುಗಿದರೆ ರೆಕ್ಕೆ ಹರಿಯುತ್ತದೆ. ಸೈಲೆನ್ಸರಿಗೆ ನೀರು ಬಿಡುವ ಬೋಟಾದರೆ ಸೆಲ್ಫ್ ಹೊಡೆಯುವಷ್ಟು ಹೊತ್ತು ಸೀ-ಕಾಕ್ (ಕಡಲ ನೀರು ಒಳಬರುವ ವಾಲ್ವ್) ಮುಚ್ಚಿ, ಇಂಜಿನ್ ಹಿಡಿದ ಕೂಡಲೇ ತೆರೆಯಿರಿ. ಇಲ್ಲವಾದರೆ ಸೈಲೆನ್ಸರ್ ತುಂಬಿ ನೀರು ಸಿಲಿಂಡರಿಗೆ ಮರಳುತ್ತದೆ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ರಿಪೇರಿಯಾಗಿ ಬಂದ ಡೀಸೆಲ್ ಪಂಪಿನಲ್ಲಿ ಡೀಸೆಲ್ ಹೆಚ್ಚು ಕಡಿಮೆ ಮಾಡುವ ರ‍್ಯಾಕ್ ಕೈಯಲ್ಲಿ ಸಲೀಸಾಗಿ ಆಡುತ್ತದೆಯೇ ನೋಡಿ. ಅದು ಸಿಕ್ಕಿಕೊಂಡರೆ ಇಂಜಿನ್ ವೇಗ ಕೈಮೀರಬಹುದು, ಸ್ಟಾಪ್ ಲಿವರ್ ಕೆಲಸಕ್ಕೆ ಬಾರದು. ಆಗ ಗಾಳಿ ಕಟ್ಟಿ ಇಂಜಿನ್ ನಿಲ್ಲಿಸಲು, ರಬ್ಬರ್ ಅಂಟಿಸಿದ ಪ್ಲೈವುಡ್ ತುಂಡು ಹಿಡಿದು ಒಬ್ಬ ಇಂಜಿನ್ ಗಾಳಿ ಎಳೆಯುವ ಬಾಯಿಯ ಹತ್ತಿರ ನಿಂತಿರಲೇಬೇಕು. ಈ ಒಂದು ವಿಷಯದಲ್ಲಿ ಯಾರ ಮಾತೂ ಕೇಳಬೇಡಿ.

ಮೂರನೇ ಸೆಲ್ಫಿಗೆ ಇಂಜಿನ್ ಹಿಡಿಯಿತು. ಹಿಡಿದ ಕ್ಷಣಕ್ಕೇ ಗೇಜ್ 4 ಕೆಜಿ. ಬೇಡ ಎಂದವರೇ ಬಗ್ಗಿ ಬಗ್ಗಿ ನೋಡಿದರು.

ಹೊಸದಾಗಿ ಕಟ್ಟಿದ ಇಂಜಿನನ್ನು ದಿನವಿಡೀ ಐಡಲಿನಲ್ಲಿ ಬಿಡುವ ಪದ್ಧತಿ ತಪ್ಪು. ಲೋಡ್ ಇಲ್ಲದೆ ಪಿಸ್ಟನ್ ರಿಂಗ್ ಸಿಲಿಂಡರಿನ ಒಳಗೋಡೆಯಾದ ಲೈನರ್‌ಗೆ ಒತ್ತಿಕೊಳ್ಳುವುದಿಲ್ಲ. ಲೈನರ್ ಕನ್ನಡಿಯಂತಾಗಿ ಇಂಜಿನ್ ಮುಂದೆಯೂ ಆಯಿಲ್ ಕುಡಿಯುತ್ತಲೇ ಇರುತ್ತದೆ. ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಸೋರಿಕೆ ನೋಡಿ. ಬೋಟು ನೀರಿನಲ್ಲಿರುವಾಗಲೇ ಶಾಫ್ಟ್ ಕಪ್ಲಿಂಗನ್ನು ಫೀಲರ್ ಗೇಜಿನಲ್ಲಿ ಮತ್ತೆ ಅಳೆಯಿರಿ, ಏಕೆಂದರೆ ದಡದಲ್ಲಿದ್ದ ಅಳತೆ ನೀರಿಗಿಳಿದ ಮೇಲೆ ಉಳಿಯುವುದಿಲ್ಲ. ಆಮೇಲೆ ಬೋಟನ್ನು ದಡಕ್ಕೆ ಹಗ್ಗದಲ್ಲಿ ಬಿಗಿದು ಗೇರ್ ಹಾಕಿ, ಅರ್ಧ ಲೋಡಿನಲ್ಲಿ ಒಂದು ಗಂಟೆ. 50 ಗಂಟೆಗೆ ಆಯಿಲ್ ಬದಲಿಸಿ ಫಿಲ್ಟರ್ ಕತ್ತರಿಸಿ ನೋಡಿದೆ: ಸಣ್ಣ ಕಬ್ಬಿಣದ ಪುಡಿ ಇತ್ತು, ಬೇರಿಂಗಿನ ಚೂರು ಒಂದೂ ಇರಲಿಲ್ಲ.